ತಿಜೋರಿ ಬಾಗಿಲಿನ ಹೊಗೆಸೊಪ್ಪು

ನನ್ನ ಮಾವ ಸಣ್ಣಬೀರಯ್ಯನವರಿಗೆ ನಂಬಿಕೆ ಇದ್ದದ್ದು ಹೊಗೆಸೊಪ್ಪಿನ ಮೇಲೆ ಮಾತ್ರ. ಎಲೆ ಮುಟ್ಟಿ ಹದ ಹೇಳುವುದರಲ್ಲಿ ಹುಣಸೂರು ಸೀಮೆಯಲ್ಲೇ ಅವರನ್ನು ಮೀರಿಸುವವರಿರಲಿಲ್ಲ. ಮನುಷ್ಯರ ವಿಷಯಕ್ಕೆ ಬಂದರೆ ಬರೀ ಅನುಮಾನ. ಹಾಲಿನವಳು ನೀರು ಬೆರೆಸುತ್ತಾಳೆ, ಪಕ್ಕದ ಹೊಲದವನು ಬದು ಒತ್ತುತ್ತಾನೆ, ಕಂಡಕ್ಟರ್ ಬೇಕೆಂದೇ ಚಿಲ್ಲರೆ ಇಲ್ಲ ಅನ್ನುತ್ತಾನೆ.

ತೊಂಬತ್ತೆಂಟರ ಬೇಸಿಗೆಯಲ್ಲಿ ಮೈಸೂರಿನಿಂದ ಕಬ್ಬಿಣದ ತಿಜೋರಿ ತಂದರು. ಬೇರೆ ಗೋಡೆಗಿಟ್ಟರೆ ಕಳ್ಳರು ಹೊರಗಿನಿಂದ ಕನ್ನ ಹಾಕುತ್ತಾರೆಂದು ಕೋಣೆಯೊಳಗೆ ಬಚ್ಚಲ ಗೋಡೆಗೆ ಒತ್ತಿಸಿ, ಗಾರೆ ಹಾಕಿಸಿ ಕೂರಿಸಿದರು. ಜಮೀನಿನ ಪತ್ರ, ಅತ್ತೆ ರಾಮಮ್ಮನ ಬೆಳ್ಳಿ ಡಾಬು, ಸಾಲಿಗ್ರಾಮದ ನನ್ನ ತವರಿನವರು ನನಗೆ ಹಾಕಿದ್ದ ಒಡವೆ, ಎಲ್ಲ ಅದರೊಳಗೆ ಸೇರಿತು. ಬೀಗದ ಕೈ ಮಾವನ ಉಡುದಾರಕ್ಕೆ. ಅದೂ ಸಾಲದೆ, ಬಾಗಿಲು ಹಾಕುವಾಗ ಒಳಸಂದಿಯಲ್ಲಿ ಗರಿಗರಿಯಾದ ಹೊಗೆಸೊಪ್ಪಿನ ಎಲೆಯೊಂದನ್ನು ಸಿಕ್ಕಿಸುತ್ತಿದ್ದರು. ಯಾರೇ ಕದ್ದು ತೆಗೆದರೂ ಎಲೆ ಪುಡಿಯಾಗಿ ಗುಟ್ಟು ರಟ್ಟಾಗಬೇಕು.

ಶ್ರಾವಣದಲ್ಲಿ ನನ್ನ ತಂಗಿ ಸುಧಾಳ ಮದುವೆ. ಒಡವೆ ಕೇಳಿದೆ. ತಿಜೋರಿ ತೆಗೆದ ಮಾವ ಹಾಗೇ ನಿಂತುಬಿಟ್ಟರು. ಎಲೆ ಪುಡಿಯಾಗಿರಲಿಲ್ಲ, ಹಳೇ ಬಟ್ಟೆಯಂತೆ ಮೆತ್ತಗೆ ಜೋತುಬಿದ್ದಿತ್ತು.

"ನಾನು ಮಡಗಿದ್ದು ಗರಿಗರಿ ಎಲೆ. ಯಾರೋ ನಾನು ಮನಗಿದ್ದಾಗ ಬೀಗದ್ಕೈ ಎಗರಿಸಿ ಬಾಗ್ಲು ತಗುದು, ಅದು ಮುರುದೋದ ಮ್ಯಾಕೆ ರಾಶಿಯಿಂದ ಮೆತ್ತಗಿರೋದ ತಂದು ಮಡಗವ್ರೆ," ಎಂದವರೇ ನನ್ನ ಕೈ ನೋಡಿದರು. ಬ್ಯಾರನ್ ಅನ್ನುವ ಬಿಸಿ ಕೋಣೆಯಲ್ಲಿ ಬೇಯಿಸಿ ಒಣಗಿಸಿದ ಸೊಪ್ಪನ್ನು ವಿಂಗಡಿಸುತ್ತಿದ್ದವಳು ನಾನೇ. ಬೆರಳಿಗೆಲ್ಲ ಅದರ ಅಂಟು. "ಒಡವೆ ಮಾತು ಆಮ್ಯಾಕೆ ನೋಡಣ," ಎಂದು ಬೀಗ ಜಡಿದರು.

ಬೋಳು ಕೊರಳಲ್ಲಾದರೂ ಹೋದೇನು, ಕಳ್ಳಿ ಅನ್ನಿಸಿಕೊಂಡು ತವರಿನ ಚಪ್ಪರದಲ್ಲಿ ಹೇಗೆ ಕೂರಲಿ? ನನ್ನ ಗಂಡ ಚಲುವರಾಜು ಅಪ್ಪನೆದುರು ತುಟಿಪಿಟಕ್ ಅನ್ನಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

"ಮಾವ, ಸೊಪ್ಪು ಬೇಯಿಸೋ ಬ್ಯಾರನ್ನಿಂದ ಈಗ್ಲೇ ನೀವೇ ಗರಿಗರಿ ಎಲೆ ತಂದು ಮಡಗಿ. ತಿಜೋರಿ ಮುಂದೇನೇ ಮಲಿಕೊಳ್ಳಿ. ಬೆಳಿಗ್ಗೆ ಎಲ್ರ ಮುಂದೆ ತೆಗೀರಿ," ಎಂದೆ.

ಮಾವ ಹಾಗೇ ಮಾಡಿದರು. ಚಾಪೆಯನ್ನೂ ತಿಜೋರಿಗೆ ಅಡ್ಡ ಹಾಸಿಕೊಂಡರು. ಬೆಳಿಗ್ಗೆ ತೆಗೆದರೆ ಎಲೆ ಮತ್ತೆ ಮೆತ್ತಗೆ. ಒಳಗೆ ಕೈಯಾಡಿಸಿದರು. ಹಿಂಬದಿಯ ತಗಡು ಬೆವರಿತ್ತು, ಪತ್ರಗಳ ಅಂಚಿಗೆ ಬೂಷ್ಟು ಹಿಡಿದಿತ್ತು, ಡಾಬು ಕಪ್ಪಗಾಗಿತ್ತು.

ಅತ್ತೆ ಬಿಡಲಿಲ್ಲ. "ಎಲೆ ತಂಪು ಕುಡುದು ಮೆತ್ತಗಾಗಿ ಹದಕ್ಕೆ ಬರ್ಲಿ ಅಂತ ಬ್ಯಾರನ್ ಬಾಗ್ಲು ತಗುದು ಬುಡೋರು ನೀವೇ ಅಲ್ವಾ? ಬಚ್ಚಲ ಗೋಡೆಗೆ ತಿಜೋರಿ ಒರಗಿಸ್ಬುಟ್ಟು ಸೊಸೆ ಮ್ಯಾಲೆ ಕಳ್ತನ ಒರಸ್ತೀರಲ್ಲ!"

ಮಾವ ಅವತ್ತೇ ಗಾರೆ ಒಡೆಸಿ, ತಿಜೋರಿಯನ್ನು ನಡುಮನೆಯ ಒಣ ಜಾಗಕ್ಕೆ ತಂದು, ಗೋಡೆಗೆ ತಾಗದಂತೆ ಹಲಗೆಯ ಮೇಲಿರಿಸಿದರು. ಬಾಗಿಲು ತೆರೆದಿಟ್ಟು ಆರಿಸಿದರು. ಒಳಗೆ ಅಗಲ ಬಾಯಿಯ ಕುಡಿಕೆಯಲ್ಲಿ ಸುಟ್ಟ ಸುಣ್ಣದ ಕಲ್ಲಿಟ್ಟರು. ತೇವ ಎಳೆದು ಕಲ್ಲು ಪುಡಿಯಾದರೆ ಹೊಸದು ಹಾಕುವುದು. ಸಂದಿಯಲ್ಲಿ ಎಲೆಯನ್ನೂ ಸಿಕ್ಕಿಸಿದರು. ತೇವ ನೋಡುವುದಕ್ಕೆ ಅಂದರು. ನಾನು ನಂಬಲಿಲ್ಲ.

ಮದುವೆಗೆ ಹೊರಟ ದಿನ ಒಡವೆ ಡಬ್ಬಿ ನನ್ನ ಕೈಗಿಟ್ಟು, "ಓಗ್ಬಾರವ್ವ, ಬಸ್ಸಿಗೆ ಒತ್ತಾಯ್ತದೆ," ಎಂದರು. ಮೊದಲಾಗಿದ್ದರೆ ಹಾಗೇ ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ಅವತ್ತು ಜಗಲಿಯಲ್ಲಿ ಕೂತು ಡಬ್ಬಿ ಬಿಚ್ಚಿ, ಸರ, ಓಲೆ, ಬಳೆ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡತೊಡಗಿದೆ. ಮಾವ ಎದುರಿಗೇ ನಿಂತಿದ್ದರು.

"ಎಲ್ಲಾ ಸರಿಯಾಗದಾ?" ಎಂದರು. ದನಿ ಇಳಿದುಹೋಗಿತ್ತು.

ನಾನು ಬಳೆಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದೆ.