ಹಲಗೆಗೆ ಕುಡಿಸಿದ ಗಂಜಿ

ದೋಣಿಯ ತಳದಲ್ಲಿ ಒಂದು ಹಲಗೆ ಕೊಳೆತಿತ್ತು; ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದರೊಳಗೆ ಗಂಜಿ ಮೆತ್ತಿ, ಮೇಲೆ ಬಣ್ಣ ಹಚ್ಚಿ, ನನ್ನ ಸ್ನೇಹಿತ ವೆಂಕಟಪತಿಯನ್ನು ಅದರಲ್ಲಿ ಕೂರಿಸಿ ಕಳಿಸಿದೆ. ಅವನು ಸತ್ತ. ದೋಣಿ ಓಡಿಸುತ್ತಿದ್ದ ಕಾಳಿಯಣ್ಣನ್ ಜೈಲಿಗೆ ಹೋದ. ನಾನು ಎಲ್ಲಿಗೂ ಹೋಗಲಿಲ್ಲ — ಸೋಮನೂರಿನಲ್ಲೇ ಇದ್ದೇನೆ. ಎರಡು ಮಗ್ಗವಿದ್ದದ್ದು ಹನ್ನೆರಡಾಗಿವೆ, ಊರಿನಲ್ಲಿ ಒಳ್ಳೆಯವನು ಅನ್ನಿಸಿಕೊಂಡಿದ್ದೇನೆ.

ಇಷ್ಟು ಬರೆಯಲು ಇಪ್ಪತ್ತೈದು ವರ್ಷ ಹಿಡಿಯಿತು. ಹೇಳಿಕೊಂಡರೆ ಎದೆ ಹಗುರಾಗುತ್ತದೆ ಅನ್ನುತ್ತಾರೆ. ಹಾಗೇನೂ ಆಗಿಲ್ಲ. ಜೋಮು ಹಿಡಿದ ಕೈಯನ್ನು ಚಿವುಟಿಕೊಂಡಂತಿದೆ — ಚಿವುಟಿದ್ದು ಕಾಣುತ್ತದೆ, ನೋವು ಮಾತ್ರ ತಿಳಿಯುತ್ತಿಲ್ಲ. ಆದರೂ ಬರೆಯುತ್ತೇನೆ.

ನಮ್ಮದು ನೇಕಾರರ ಮನೆ. ಎಷ್ಟೋ ತಲೆಮಾರಿನ ಹಿಂದೆ ಕನ್ನಡ ನಾಡಿನಿಂದ ಈ ತಮಿಳು ಸೀಮೆಗೆ ಬಂದು ನಿಂತವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅಪ್ಪ ಮಗ್ಗದ ಗುಂಡಿಯಲ್ಲಿ ಕೂತು ಸವೆದರು. ನಾನು ಕೂರಲಿಲ್ಲ, ನನಗೆ ಎಂಜಿನ್ನಿನ ಹುಚ್ಚು. ತೋಟದ ಬಾವಿಗಳಲ್ಲಿ ಎಣ್ಣೆ ಎಂಜಿನ್ನುಗಳು ಟಪಟಪ ಅನ್ನುತ್ತಿದ್ದ ಕಾಲ ಅದು. ಸೂಲೂರಿನಿಂದ ಅವಿನಾಶಿಯವರೆಗೆ ಯಾರ ಎಂಜಿನ್ನು ಕೆಮ್ಮಿದರೂ ನನಗೇ ಹೇಳಿಕಳಿಸುತ್ತಿದ್ದರು. ನಾನು ಬಿಚ್ಚಿ ನೋಡುತ್ತಿರಲಿಲ್ಲ. ಬದುವಿನ ಮೇಲೆ ನಿಂತು ಕೇಳಿ, ಯಾವ ವಾಲ್ವು, ಯಾವ ಬೇರಿಂಗು ಎಂದು ಹೇಳಿಬಿಡುತ್ತಿದ್ದೆ. ಸುಬ್ಬಣ್ಣ ಮೇಸ್ತ್ರಿಯ ಕಿವಿ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ನನಗೂ ಅದನ್ನು ಕೇಳಿ ಕೇಳಿ ತಲೆ ಸ್ವಲ್ಪ ತಿರುಗಿತ್ತು.

ಆಮೇಲೆ ಬೆಟ್ಟದ ಮೇಲಿನ ಪೈಕಾರ ಜಲಪಾತದಿಂದ ಕರೆಂಟು ಬಂತು. ಕಂಬ ನೆಟ್ಟ ಕಡೆಯೆಲ್ಲ ಎಣ್ಣೆ ಎಂಜಿನ್ನು ಮೂಲೆಗೆ ಬಿತ್ತು. ಕರೆಂಟಿನ ಮೋಟಾರು ಕೆಮ್ಮುವುದಿಲ್ಲ. ಓಡುತ್ತದೆ, ಇಲ್ಲವೇ ಸುಟ್ಟುಹೋಗುತ್ತದೆ. ಕೇಳುವುದಕ್ಕೆ ಅದರಲ್ಲಿ ಏನಿದೆ? ಇದನ್ನು ನೆಪವಾಗಿ ಹೇಳುತ್ತಿಲ್ಲ. ಆಗ ನಾನು ಎಂಥ ಮನುಷ್ಯನಾಗಿದ್ದೆ ಎಂಬುದು ಓದುವವರಿಗೆ ತಿಳಿದಿರಲಿ ಎಂದಷ್ಟೆ.

ವೆಂಕಟಪತಿಯ ಮನೆಯವರೂ ಕನ್ನಡದವರೇ, ಬೇಸಾಯದವರು. ಅವನ ಅಪ್ಪನ ಕಾಲಕ್ಕೆ ಅವಿನಾಶಿಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆ ಮಾಡಿಕೊಂಡಿದ್ದರು. ಅವನು ಪಟ್ಟಣದ ಆರ್.ಎಸ್. ಪುರಂನಲ್ಲಿ ಹೊಸ ಮನೆ ಕಟ್ಟಿಸಿ ಹೆಂಡತಿ ರುಕ್ಮಿಣಿಯ ಜೊತೆ ಇದ್ದ. ಅವನಿಗೆ ವೇಗವೆಂದರೆ ಪ್ರಾಣ. ಮೋಟಾರ್ ಸೈಕಲ್ಲಾಯಿತು, ಕಾರಾಯಿತು. ಆ ವರ್ಷ ಮಳೆ ಚೆನ್ನಾಗಿ ಬಂದು ನೊಯ್ಯಲ್ ಹೊಳೆಯ ನೀರು ಸೂಲೂರು ಕೆರೆಗೆ ತುಂಬಿ ನಿಂತಿತು. ಏರಿಯ ಮೇಲೆ ನಿಂತು ಅದನ್ನು ನೋಡಿದವನೇ, ಇದರಲ್ಲಿ ಓಡಿಸಲು ಒಂದು ದೋಣಿ ಬೇಕು ಅಂದ. ಮೀನು ಹಿಡಿಯುವುದಕ್ಕಲ್ಲ, ದಾಟುವುದಕ್ಕಲ್ಲ — ಭಾನುವಾರ ಸಂಜೆ ಹಾಯಾಗಿ ಸುತ್ತಿ ಬರುವುದಕ್ಕೆ. ಹೊಸದಕ್ಕೆ ಶೀಮೆಗೇ ಬರೆಯಬೇಕು. ಕೊಚ್ಚಿಯಲ್ಲಿ ಹಳೆಯವು ಸಿಗುತ್ತವೆ ಎಂದು ಯಾರೋ ಹೇಳಿದ್ದರು. ಅವನು ನನ್ನನ್ನು ಜೊತೆಗೆ ಕರೆದುಕೊಂಡು ರೈಲು ಹತ್ತಿದ.

ಕೊಚ್ಚಿಯ ದೋಣಿ ಅಂಗಳದಲ್ಲಿ ಮೂರು ನೋಡಿದೆವು. ಮೊದಲನೆಯದು ತೇಗದ ಲಾಂಚು, ಗಬ್ಬದ ಎಮ್ಮೆಯ ಹಾಗೆ ಅಗಲ. ಮರ ಗಟ್ಟಿಮುಟ್ಟು, ಒಳಗೆ ಒಂದು ಹನಿ ಒದ್ದೆಯಿಲ್ಲ, ಎಂಜಿನ್ನು ಮಾತ್ರ ಏದುಸಿರು ಬಿಡುತ್ತಿತ್ತು. ಎರಡನೆಯದು ಹಿಂಬದಿಗೆ ಎಂಜಿನ್ನು ತೂಗುಹಾಕಿದ ಚಿಕ್ಕ ದೋಣಿ, ಬರೀ ಹೊಗೆ. ಮೂರನೆಯದು ಶೆಡ್ಡಿನೊಳಗೆ ದಿಮ್ಮಿಗಳ ಮೇಲೆ ಕೂತಿತ್ತು. ಶೀಮೆಗೆ ಹೊರಟುಹೋದ ಒಬ್ಬ ಬಿಳಿಯ ದೊರೆ ಬಿಟ್ಟದ್ದು. ಕೆಂಪು ಮಹಾಗನಿ ಮರ, ಚೂಪು ಮೂತಿ, ತೊಗಲಿನ ಸೀಟು, ಆರು ಸಿಲಿಂಡರಿನ ಎಂಜಿನ್ನು. ಇಂಥ ದೋಣಿ ನೀರನ್ನು ಸೀಳಿಕೊಂಡು ಹೋಗುವುದಿಲ್ಲ. ಮೂತಿ ಎತ್ತಿ, ತಳವನ್ನು ನೀರಿಗೆ ಬಡಿಯುತ್ತಾ ಮೇಲೆ ಮೇಲೆ ಓಡುತ್ತದೆ. ಹಾಗಾಗಿ ಇದರಲ್ಲಿ ಮೊದಲು ನೋಡಬೇಕಾದದ್ದು ತಳ. ಇದು ನನಗೆ ಆಮೇಲೆ ತಿಳಿಯಿತು. ಅಂದು ನಾನು ಎಂಜಿನ್ನು ಚಾಲೂ ಮಾಡಿಸಿದೆ, ತಣಿಸಲು ಬಕೆಟ್ಟಿನಲ್ಲಿ ನೀರು ಹುಯ್ಯಿಸಿದೆ, ಕಣ್ಣು ಮುಚ್ಚಿ ಕೇಳಿದೆ. ಅಂಥ ಸದ್ದು ನಾನು ಅದುವರೆಗೆ ಕೇಳಿರಲಿಲ್ಲ.

"ನೀರ್ಗೆ ಇಳ್ಸಿ ಒಂದ್ಸಲ ಪಾರ್ಕ್ಕೊಳ್ಳಾವಾ ಸುಬ್ಬಾ?" ಎಂದು ವೆಂಕಟಪತಿ ಕೇಳಿದ, ಓಡಿಸಿ ನೋಡುವ ಆಸೆ ಅವನಿಗೆ.

"ಅದೆಲ್ಲಾ ಬ್ಯಾಡ," ಅಂದೆ. "ಎಂಜಿನ್ ಸರಿ ಇದ್ರೆ ಎಲ್ಲಾ ಸರಿ."

"ಸರಿ ಹಂಗಾರೆ. ನಿನ್ ಕಿವಿ ಮ್ಯಾಲೆ ನಂಗೆ ನಂಬಿಕೆ. ವಿಲೆ ನಾ ಪೇಸ್ಕೊಂತೀನಿ," ಅಂದು ಬೆಲೆ ಮಾತಾಡಲು ಹೋದ.

ನಮ್ಮ ಅಮ್ಮ ಸೀರೆ ಕೊಳ್ಳುವಾಗ ಒಂದು ತುದಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಬೆರಳಿನಲ್ಲಿ ಉಜ್ಜಿ ನೋಡದೆ ಒಪ್ಪಿದವಳಲ್ಲ. ಗಂಜಿ ಕುಡಿದ ಬಟ್ಟೆ ಬಿರುಸಾಗಿ ನಿಲ್ಲುತ್ತದೆ. ತೆಳುವೋ ಗಟ್ಟಿಯೋ ಎಂಬುದು ಗಂಜಿ ಬಿಟ್ಟ ಮೇಲೇ ಗೊತ್ತಾಗುವುದು. ನೇಕಾರರ ಮನೆಯಲ್ಲಿ ಇದನ್ನು ಯಾರೂ ಕಲಿಸುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಆ ಮನೆಯಲ್ಲಿ ಹುಟ್ಟಿದವನು ನಾನು, ನೀರಿನಲ್ಲಿ ಓಡಬೇಕಾದ ವಸ್ತುವನ್ನು ನೀರಿಗೆ ಅದ್ದದೆ ತಂದೆ. ಬಾವಿಯ ಎಂಜಿನ್ನು ನೋಡಿ ನೋಡಿ, ಎಂಜಿನ್ನಿನ ಸುತ್ತ ಇರುವುದೆಲ್ಲ ಕಲ್ಲುಕಟ್ಟಡವೇ ಎಂದು ತಿಳಿದಿದ್ದೆನೋ ಏನೋ.

ದೋಣಿ ಗೂಡ್ಸ್ ರೈಲಿನಲ್ಲಿ ಇರುಗೂರಿಗೆ ಬಂತು, ಅಲ್ಲಿಂದ ಎತ್ತಿನ ಗಾಡಿಗಳ ಮೇಲೆ ಸೂಲೂರಿಗೆ. ಕೆರೆಯ ಪಕ್ಕ ತೆಂಗಿನ ಗರಿಯ ಚಪ್ಪರ ಹಾಕಿಸಿ ಇಟ್ಟೆವು. ಕಾಣುಂ ಪೊಂಗಲ್ ದಿನ, ಊರೆಲ್ಲ ಕೆರೆ ಹೊಳೆ ಎಂದು ಹೊರಟು ಬರುವ ದಿನ, ನೀರಿಗಿಳಿಸುವುದೆಂದು ವೆಂಕಟಪತಿ ನೆಂಟರಿಷ್ಟರಿಗೆಲ್ಲ ಹೇಳಿಬಿಟ್ಟ.

ಅದಕ್ಕೆ ಎರಡು ದಿನ ಮುಂಚೆ ಬೆಳಿಗ್ಗೆ ನಾನು ದೋಣಿಯ ಅಡಿಗೆ ನುಸುಳಿ ತಿರುಪುಮೊಳೆ ಬಿಗಿ ಮಾಡುತ್ತಿದ್ದೆ. ಸ್ಕ್ರೂಡ್ರೈವರ್ ಜಾರಿ ಮರಕ್ಕೆ ತಗುಲಿತು. ತಗುಲಿದ್ದು ಒಳಗೆ ಹೋಯಿತು. ಎಂಜಿನ್ನಿನ ಕೆಳಗೆ, ಒಂದು ಮೊಳದುದ್ದ, ಹಲಗೆ ನೆನೆದ ರೊಟ್ಟಿಯ ಹಾಗಿತ್ತು. ಕೊಚ್ಚಿಯ ಶೆಡ್ಡಿನ ಸೂರು ಸೋರಿ ಮಳೆನೀರು ಅಲ್ಲಿ ನಿಂತಿರಬೇಕು. ಮೇಲಿನ ಬಣ್ಣವೊಂದೇ ಅದನ್ನು ಹಿಡಿದಿಟ್ಟಿತ್ತು.

ಅಲ್ಲೇ ಮಲಗಿ ಲೆಕ್ಕ ಹಾಕಿದೆ. ಹಲಗೆ ಬದಲಿಸಲು ಕೊಚ್ಚಿಯಿಂದ ಬಡಗಿ ಬರಬೇಕು. ಪೊಂಗಲ್ ತಪ್ಪುತ್ತದೆ. ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಮೇಸ್ತ್ರಿ ಆರಿಸಿ ತಂದ ದೋಣಿ ಕೊಳೆತದ್ದಂತೆ — ಆ ಮಾತು ಹಬ್ಬುವುದನ್ನು ನಾನು ಆಗಲೇ ಕೇಳಿಸಿಕೊಂಡೆ. ವೆಂಕಟಪತಿ ಬೈಯುತ್ತಿರಲಿಲ್ಲ. ನಕ್ಕು ಬಿಡುತ್ತಿದ್ದ. ಅವನು ನಗುವುದು ನನಗೆ ಬೇಡವಾಗಿತ್ತು. ಇಷ್ಟೇ ಕಾರಣ; ಇದಕ್ಕಿಂತ ದೊಡ್ಡದನ್ನು ಹುಡುಕಿದ್ದೇನೆ, ಸಿಕ್ಕಿಲ್ಲ.

ಮನೆಗೆ ಹೋಗಿ ಹುಣಸೆಬೀಜದ ಗಂಜಿ ಕಾಯಿಸಿದೆ, ಪಾವಿನ, ಎಂದರೆ ಹಾಸಿನ, ನೂಲಿಗೆ ಬಿರುಸು ಬರಲು ಅಪ್ಪ ಹಾಕುತ್ತಿದ್ದಂಥದು, ಆದರೆ ಅದಕ್ಕಿಂತ ಮಂದ. ಹತ್ತಿಯ ಚೂರು ಕಲಸಿದೆ. ಕೊಳೆತದ್ದನ್ನು ಕೆರೆದು ತೆಗೆದು ಅದನ್ನು ತುಂಬಿ, ಒಣಗಿಸಿ, ಅರಗು ಎರೆದು, ಕೆಂಪು ಬಣ್ಣ ಹೊಡೆದೆ. ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. ಒಂದು ದಿನ ತಾಳಿದರೆ ಸಾಕು, ಹಬ್ಬ ಕಳೆದ ಮೇಲೆ ಸದ್ದಿಲ್ಲದೆ ಹಲಗೆ ಬದಲಿಸುತ್ತೇನೆ ಎಂದುಕೊಂಡೆ.

ಆಗ ಕಾಳಿಯಣ್ಣನ್ ಬಂದ. ಆ ಕೆರೆಯಲ್ಲಿ ಹರಿಗೋಲು ಹಾಕಿ ಮೀನು ಹಿಡಿಯುತ್ತಿದ್ದವನು. ಕೆಲವು ಕಾಲ ಕೊಚ್ಚಿಯ ಹಿನ್ನೀರಿನಲ್ಲಿ ಮೋಟಾರ್ ದೋಣಿ ಓಡಿಸಿದ್ದರಿಂದ ವೆಂಕಟಪತಿ ಅವನನ್ನೇ ಗೊತ್ತುಮಾಡಿದ್ದ. ದೋಣಿಯನ್ನು ಸುತ್ತಿ ಬಂದ. ಬಗ್ಗಿ, ಬೆರಳ ಗಂಟಿನಿಂದ ತಳವನ್ನು ತಟ್ಟುತ್ತಾ ಹೋದ. ಒಂದು ಕಡೆ ನಿಂತ. ಮತ್ತೆ ತಟ್ಟಿದ. ಮೂಗು ಹತ್ತಿರ ತಂದ.

"ಮರಂ ಸರಿಯಿಲ್ಲೆ, ಸಾಮಿ," ಅಂದ.

ಮರ ನನಗೆ ಬಿಡು, ನೀನು ಚಕ್ರ ಹಿಡಿ ಎಂದು ತಮಿಳಿನಲ್ಲೇ ಹೇಳಿದೆ. ಅವನು ತಲೆ ಆಡಿಸಿದ. ಸರಿಪಡಿಸುತ್ತೇನೆ ಎಂದು ನಾನು ಹೇಳಿದಂತೆ ಅವನಿಗೆ ಕೇಳಿಸಿರಬೇಕು. ಮೇಸ್ತ್ರಿಯಲ್ಲವೇ ನಾನು.

ಹಬ್ಬದ ಬೆಳಿಗ್ಗೆ ದೋಣಿ ನೀರಿಗಿಳಿಯಿತು. ಪೂಜೆಯಾಯಿತು. ಕಾಳಿಯಣ್ಣನ್ ನಿಧಾನವಾಗಿ ನಾಲ್ಕಾರು ಸುತ್ತು ಹೊಡೆದ. ಒಂದು ಹನಿ ಒಸರಲಿಲ್ಲ. ಮಧ್ಯಾಹ್ನದ ಊಟಕ್ಕೆ ಕೂತಾಗ ನಾನು ಎರಡು ಸಲ ಪಾಯಸ ಹಾಕಿಸಿಕೊಂಡದ್ದು ನೆನಪಿದೆ. ಗಂಜಿ ಅಷ್ಟು ಹೊತ್ತೂ ನೀರಿನಲ್ಲೇ ನೆನೆಯುತ್ತಿತ್ತು.

ನಾಲ್ಕು ಗಂಟೆಗೆ ವೆಂಕಟಪತಿ ಕೋಟು ಬೂಟು ಹಾಕಿಕೊಂಡು ಬಂದ. ರುಕ್ಮಿಣಿಯನ್ನು ಕೈಹಿಡಿದು ಹತ್ತಿಸಿದ.

"ಸುಬ್ಬಾ, ನೀನೂ ಏರು ಬಾ. ನಿನ್ ದೋಣಿ ಅಲ್ಲವಾ," ಅಂದ.

"ಮೂರು ಆಳು ಸಾಕು. ಬಾರ ಆದ್ರೆ ವೇಗ ಬರಲ್ಲ," ಅಂದೆ.

ಅದು ಸುಳ್ಳಲ್ಲ, ಅಂಥ ದೋಣಿಗೆ ಭಾರ ಆಗದು. ಆದರೆ ನಾನು ಹತ್ತದೆ ಇದ್ದದ್ದು ಅದಕ್ಕಲ್ಲ. ಕಾಳಿಯಣ್ಣನ್ ಚಕ್ರದ ಮೇಲೆ ಕೈಯಿಟ್ಟುಕೊಂಡು ಒಮ್ಮೆ ನನ್ನ ಕಡೆ ನೋಡಿದ.

ಮೊದಲ ಸುತ್ತು ನಿಧಾನ. ಎರಡನೆಯದರಲ್ಲಿ ಮೂತಿ ಎತ್ತಿತು. ದಡದ ಜನ ಕೇಕೆ ಹಾಕಿದರು. ತಳ ನೀರಿಗೆ ಬಡಿಯುವ ಸದ್ದು ಚಟಚಟ ಎಂದು ಒಣಗಿದ ಸದ್ದಾಗಿತ್ತು. ಇದ್ದಕ್ಕಿದ್ದಂತೆ ಅದು ಬದಲಾಯಿತು — ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗೆ. ಅಷ್ಟು ಜನರಲ್ಲಿ ಅದು ಕೇಳಿಸಿದ್ದು ನನಗೊಬ್ಬನಿಗೆ. ನಾನು ಕೂಗಲಿಲ್ಲ. ಕೂಗಿದ್ದರೆ ಕೇಳುತ್ತಿತ್ತೋ ಇಲ್ಲವೋ — ಕೂಗಲಿಲ್ಲ. ಹಳೆಯ ತೂಬಿನ ಹತ್ತಿರ ದೋಣಿ ಮೂತಿ ತಗ್ಗಿಸಿ ಕೂತಿತು. ಎಂಜಿನ್ನು ನೀರು ಕುಡಿಯುವವರೆಗೂ ಚೆನ್ನಾಗಿಯೇ ಓಡಿತು.

ಕಾಳಿಯಣ್ಣನ್ ಕೈಗೆ ಸಿಕ್ಕ ರುಕ್ಮಿಣಿಯನ್ನು ಎಳೆದುಕೊಂಡು ಬಂದು ದಡಕ್ಕೆ ಹಾಕಿದ. ತಿರುಗಿ ಹೋದ. ಮುಳುಗಿದ, ಎದ್ದ, ಮುಳುಗಿದ. ವೆಂಕಟಪತಿ ಜೊಂಡಿನಲ್ಲಿ ಸಿಕ್ಕಿಕೊಂಡಿದ್ದ, ಬೂಟು ಕಾಲಿನಲ್ಲೇ ಇತ್ತು.

ಮರುದಿನ ಎತ್ತು ಕಟ್ಟಿ ದೋಣಿಯನ್ನು ಎಳೆದು ಹಾಕಿದರು. ತಳದಲ್ಲಿ ತಲೆ ತೂರುವಷ್ಟು ತೂತು. ಗಂಜಿ ಕರಗಿಹೋಗಿತ್ತು, ಒಂದು ಎಳೆ ಹತ್ತಿಯೂ ಇರಲಿಲ್ಲ. ಹಳೆಯ ತೂಬಿನ ಕಲ್ಲುಗಳು ಅಲ್ಲೇ ನೀರಿನಡಿಯಲ್ಲಿದ್ದವು. ವಿಚಾರಣೆಗೆ ಬಂದ ಅಧಿಕಾರಿ ಕಾಳಿಯಣ್ಣನನ್ನು ಕೇಳಿದರು. ಕಲ್ಲು ತಾಗಲಿಲ್ಲ, ಮೇಸ್ತ್ರಿಗೆ ಗೊತ್ತು ಎಂದ. ಅಷ್ಟು ಹೇಳಿ ನನ್ನ ಕಡೆ ತಿರುಗಿ ನಿಂತ — ಉಳಿದದ್ದನ್ನು ನಾನು ಹೇಳುತ್ತೇನೆ ಎಂದು ಕಾದ.

"ದೋಣಿ ಸರಿಯಾಗಿತ್ತು," ಎಂದೆ. "ಕಲ್ಲಿಗೆ ತಾಗಿಸಿದ್ದಾನೆ."

ಅವನಿಗೆ ಒಂದು ವರ್ಷ ಜೈಲಾಯಿತು. ಬಂದಾಗ ಕೆರೆಯ ಮೀನಿನ ಹಕ್ಕು ಬೇರೆಯವರದಾಗಿತ್ತು, ನೀರಿಗೆ ಇಳಿಯಲು ಅವನನ್ನು ಯಾರೂ ಬಿಡಲಿಲ್ಲ. ಮೊದಲಾಳಿಯನ್ನು, ಕೆಲಸ ಕೊಟ್ಟ ಧಣಿಯನ್ನು, ಮುಳುಗಿಸಿದವನು ಎಂದು ಹೆಸರು ಬಿದ್ದಿತ್ತು. ನಾನು ಎಂಜಿನ್ನಿನ ಕೆಲಸ ಬಿಟ್ಟು ಅಪ್ಪನ ಮಗ್ಗಗಳ ಹತ್ತಿರ ಬಂದಿದ್ದೆ. ಅವನನ್ನು ಕರೆದು ನೂಲು ಸುತ್ತುವ ಕೆಲಸ ಕೊಟ್ಟೆ. ಸ್ನೇಹಿತನನ್ನು ಕೊಂದವನಿಗೂ ಅನ್ನ ಹಾಕಿದ ದೊಡ್ಡ ಮನಸ್ಸು ಎಂದು ಊರು ನನ್ನನ್ನು ಹೊಗಳಿತು. ರುಕ್ಮಿಣಿ ಇಂದಿಗೂ ಪ್ರತಿ ಪೊಂಗಲ್ಲಿಗೆ ಆರ್.ಎಸ್. ಪುರಂನಿಂದ ನನಗೊಂದು ಪಂಚೆ ಕಳಿಸುತ್ತಾಳೆ, ಗಂಡನ ನೆನಪಿಗೆ. ಉಟ್ಟುಕೊಳ್ಳುತ್ತೇನೆ. ಕಾಳಿಯಣ್ಣನ್ ಬೆಳಿಗ್ಗೆ ಎಂಟಕ್ಕೆ ಬಂದು ನನಗೆ ಕೈಮುಗಿದು ಮೂಲೆಯಲ್ಲಿ ಕೂರುತ್ತಾನೆ. ಈಗ ಅವನ ತಲೆಯೂ ಬೆಳ್ಳಗಾಗಿದೆ.

ನಮ್ಮ ಶೆಡ್ಡಿನಲ್ಲಿ ಇಷ್ಟು ವರ್ಷ ಅಕ್ಕಿಗಂಜಿಯನ್ನೇ ಕಾಯಿಸುತ್ತಿದ್ದೆವು. ಹುಣಸೆಬೀಜವನ್ನು ನಾನು ಒಳಗೆ ಬಿಟ್ಟಿರಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ. ಹೋದ ವಾರ ನನ್ನ ಮಗ, ಅಕ್ಕಿ ತುಟ್ಟಿಯಾಯಿತೆಂದು, ತಾನೇ ಅದನ್ನು ತರಿಸಿ ಹಂಡೆಗೆ ಹಾಕಿಸಿದ. ತಿರುವುತ್ತಿದ್ದವನು ಕಾಳಿಯಣ್ಣನ್. ನಾನು ಪಕ್ಕದಲ್ಲಿ ಹಾದುಹೋಗುವಾಗ ಅವನು ಸೌಟು ನಿಲ್ಲಿಸಿದ. ಬಗ್ಗಿ ಮೂಸಿದ.

"ಇಂದ ವಾಸನೆ ಅನ್ನಿಕ್ಕು ದೋಣಿಯಿಲೆ ಇರುಂದುದು, ಸಾಮಿ," ಅಂದ.

ಈ ವಾಸನೆ ಅಂದು ದೋಣಿಯಲ್ಲಿತ್ತು. ಅಷ್ಟೇ. ನನ್ನ ಮುಖ ನೋಡಲಿಲ್ಲ. ಮತ್ತೆ ತಿರುವತೊಡಗಿದ. ಅವನ ದನಿಯಲ್ಲಿ ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಏನು ಹೇಳಿದೆ ಗೊತ್ತೇ — ಅಡಿ ಹಿಡಿಯದಂತೆ ನೋಡಿಕೋ ಎಂದೆ.

ಆ ದಿನದಿಂದ ಇದನ್ನು ಬರೆಯುತ್ತಿದ್ದೇನೆ. ಚಿಕ್ಕಂದಿನಲ್ಲಿ ಸತ್ಯಮಂಗಲದ ಕಡೆಯ ಅಜ್ಜ ಮರಳಿನ ಮೇಲೆ ಬೆರಳು ಹಿಡಿದು ತಿದ್ದಿಸಿದ ಕನ್ನಡ ಅಕ್ಷರ ಇದು. ನನ್ನ ಹೆಂಡತಿಗೆ ಇದನ್ನು ಓದಲು ಬಾರದು. ಮಕ್ಕಳು ಮಾತಾಡುವುದು ಕನ್ನಡ, ಓದುವುದು ತಮಿಳು. ಕಾಳಿಯಣ್ಣನಿಗೆ ಯಾವುದನ್ನೂ ಓದಲು ಬಾರದು. ಇಷ್ಟು ಪುಟ ಬರೆದಾದ ಮೇಲೆ ಈಗ ಹೊಳೆಯುತ್ತಿದೆ: ಇದನ್ನು ಮೇಜಿನ ಮೇಲೆ ಬಿಚ್ಚಿಟ್ಟು ಹೋದರೂ ಯಾರಿಗೂ ಏನೂ ತಿಳಿಯುವುದಿಲ್ಲ. ಕೈ ತಾನಾಗಿಯೇ ಹಳೆಯ ಕೆಲಸ ಮಾಡಿದೆ. ಇದೂ ತೂತಿನ ಮೇಲೆ ಗಂಜಿಯೇ.

ಈಗ ಏಳೂವರೆ. ಎಂಟಕ್ಕೆ ಅವನು ಬರುತ್ತಾನೆ. ಕೈಮುಗಿಯುವ ಮೊದಲೇ ತಡೆಯಬೇಕು. ಶೆಡ್ಡಿನ ಎಲ್ಲರೂ ಇರಲಿ, ನನ್ನ ಮಗನೂ ಇರಲಿ. ಆಮೇಲೆ ಕಾಳಿಯಣ್ಣನನ್ನು ಕರೆದುಕೊಂಡು ಆರ್.ಎಸ್. ಪುರಂಗೆ ಬಸ್ಸು ಹತ್ತಬೇಕು, ರುಕ್ಮಿಣಿಗೂ ಹೇಳಬೇಕು. ಹೇಗೆ ಶುರುಮಾಡುವುದೆಂದು ಯೋಚಿಸಿ ಇಟ್ಟುಕೊಂಡಿದ್ದೆ, ಅದೆಲ್ಲ ಬೇಡ. ಅಂದು ಅವನು ನನಗೆ ಹೇಳಿದ ಮಾತನ್ನೇ, ಅವನ ಭಾಷೆಯಲ್ಲೇ, ಅವನಿಗೆ ತಿರುಗಿ ಹೇಳುತ್ತೇನೆ. ಮರಂ ಸರಿಯಿಲ್ಲೆ, ಕಾಳಿಯಣ್ಣಾ. ಎನಕ್ಕು ತೆರಿಯುಂ. ನನಗೆ ಗೊತ್ತಿತ್ತು.