ಕಾಕಾ ಪಾಸು ಮಾಡಿದ ಕಾಡತೂಸುಗಳು

ದುಬೈ ಊರು ಮುಗಿದು ಮರಳು ಶುರುವಾಗುವಲ್ಲಿದ್ದ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದೆ. ಉಡುಪಿ ಕಡೆಯ ಹೆಂಗಸಿಗೆ ಬಂದೂಕಿನ ಕೆಲಸವೇ ಎಂದು ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯ ನಮ್ಮ ಬಿಲ್ಡಿಂಗಿನವರು ಹುಬ್ಬೇರಿಸುತ್ತಿದ್ದರು. ನಾನೇನೂ ಗುಂಡು ಹೊಡೆದವಳಲ್ಲ. ಹೊಡೆದು ಬಿದ್ದ ಹಿತ್ತಾಳೆಯ ಖಾಲಿ ಕೇಸುಗಳಿಗೆ ಕೈ ಪ್ರೆಸ್ಸಿನಲ್ಲಿ ಹೊಸದಾಗಿ ಮದ್ದು ತುಂಬಿ, ಬಾಯಿಗೆ ಗುಂಡು ಕೂರಿಸಿ, ಅಭ್ಯಾಸಕ್ಕೆ ಬೇಕಾದ ಪಿಸ್ತೂಲ್ ಕಾಡತೂಸು ತಯಾರಿಸುವುದು ನನ್ನ ಕೆಲಸ. ಹಬ್ಬದ ದಿನ ಮನೆಮಂದಿಗೆಲ್ಲ ಸೇಮಿಗೆ ಒತ್ತಿದ ಕೈಗೆ ಅದು ಭಾರವೆನಿಸಲಿಲ್ಲ.

ಮಾಡಿದ್ದನ್ನು ಪರೀಕ್ಷಿಸುವವರು ನಾವೆಲ್ಲ ಕಾಕಾ ಎನ್ನುತ್ತಿದ್ದ ಹಿರಿಯರು. ಬೆಳಗಾವಿ ಕಡೆಯವರು, ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡಿಕೊಂಡಿದ್ದು ನಿವೃತ್ತರಾಗಿ ಬಂದವರು. ಪಿಸ್ತೂಲಿನಿಂದ ಬಿಚ್ಚಿದ ಒಂದು ಬ್ಯಾರಲ್ಲನ್ನು ಎಡಗೈಯಲ್ಲಿ ನೆಟ್ಟಗೆ ಹಿಡಿದು, ಒಂದೊಂದೇ ಕಾಡತೂಸನ್ನು ಅದರೊಳಗೆ ಬಿಡುತ್ತಿದ್ದರು. ಅಳತೆ ಸರಿಯಿದ್ದರೆ ‘ಟಣ್’ ಎಂದು ತಳಕ್ಕೆ ಕೂರುತ್ತದೆ. ಕೇಸಿನ ಬಾಯಿ ಒಂದು ಕೂದಲೆಳೆಯಷ್ಟು ಅಗಲವಾಗಿದ್ದರೂ ಮೇಲೆಯೇ ಹಿಡಿದುಕೊಂಡು ಮೆತ್ತಗೆ ‘ದಬ್’ ಎನ್ನುತ್ತದೆ. ಕಾಕಾ ಪೂಜೆಗೆ ಕುಳಿತವರ ಹಾಗೆ ಕಣ್ಣು ಮುಚ್ಚಿ ಇದನ್ನು ಮಾಡುತ್ತಿದ್ದರು. ‘ನೋಡಬಾರದು ತಂಗಿ. ಕಣ್ಣು ಮೋಸ ಮಾಡತಾವ. ನಮ್ಮ ಉಸ್ತಾದ ಹಂಗ ಕಲಿಸ್ಯಾನ,’ ಎನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ನಮ್ಮ ಕಾಡತೂಸುಗಳು ಪಿಸ್ತೂಲಿನಲ್ಲಿ ಸಿಕ್ಕಿಕೊಳ್ಳತೊಡಗಿದವು. ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡ್ ಪೂರ್ತಿ ಮುಚ್ಚುವುದಿಲ್ಲ, ಕಾಡತೂಸು ಹೊರಗೂ ಬರುವುದಿಲ್ಲ. ತರಬೇತಿಗೆ ಬಂದಿದ್ದ ಒಬ್ಬಳು ಕಾಲೇಜು ಹುಡುಗಿ ಅದನ್ನು ಎಳೆಯಲು ಒದ್ದಾಡುತ್ತ ಪಿಸ್ತೂಲನ್ನೇ ಪಕ್ಕದವರ ಕಡೆಗೆ ತಿರುಗಿಸಿಬಿಟ್ಟಳು. ಕೋಚ್ ಹಾರಿಬಂದು ಅವಳ ಮಣಿಕಟ್ಟು ಹಿಡಿದರು. ಮ್ಯಾನೇಜರ್ ನಮ್ಮ ಕೋಣೆಗೆ ಬಂದು, ಈ ವಾರದೊಳಗೆ ಕಾರಣ ಹೇಳಿ, ಇಲ್ಲವಾದರೆ ಈ ಕೋಣೆ ಖಲಾಸ್ ಎಂದರು.

ನನಗೆ ಇನ್ನೊಂದು ಕೆಲಸ ಸಿಗುತ್ತಿತ್ತು. ಕಾಕಾನಿಗೆ ಆಗಲೇ ಅರವತ್ತು ದಾಟಿತ್ತು. ಮ್ಯಾನೇಜರ್ ಮನಸ್ಸು ಮಾಡಿದರೆ ಮಾತ್ರ ಅವರ ವೀಸಾ ಮುಂದುವರಿಯುತ್ತಿತ್ತು. ‘ಕೆಲಸ ಇಲ್ಲದ ಮುದುಕನ್ನ ಊರಾಗ ಯಾರು ಮಾತಾಡಸ್ತಾರ? ಇನ್ನೊಂದೀಟು ದಿನ ಇರತೇನಿ,’ ಎಂದು ಅವರು ಆಗಾಗ ಅನ್ನುತ್ತಿದ್ದದ್ದು ನನ್ನ ತಲೆಯಲ್ಲಿ ಸುತ್ತುತ್ತಿತ್ತು.

ಕಾಡತೂಸುಗಳ ಉದ್ದ ಅಳೆದೆ, ಸರಿಯಿತ್ತು. ಬ್ಯಾರಲ್ಲಿನೊಳಗೆ ಮಸಿ ಕಟ್ಟಿದೆಯೇ ಎಂದು ತಿಕ್ಕಿ ನೋಡಿದೆ, ಇರಲಿಲ್ಲ. ಕೊನೆಗೆ ಕೇಸಿನ ಬಾಯಿಗೆ ಉಗುರು ಸವರಿದಾಗ ಅಂಚು ತಡೆಯಿತು. ಗುಂಡು ಇಳಿಯಲೆಂದು ಮೊದಲು ಬಾಯಿಯನ್ನು ಚೂರು ಅಗಲಿಸುತ್ತೇವೆ, ಆಮೇಲೆ ಪ್ರೆಸ್ಸಿನ ಕೊನೆಯ ಅಚ್ಚು, ಅಂದರೆ ಡೈ, ಅದನ್ನು ಒತ್ತಿ ಮುಚ್ಚಬೇಕು. ಆ ಡೈ ಸಡಿಲಾಗಿತ್ತು. ಅದೇನೂ ದೊಡ್ಡ ಸಂಗತಿಯಲ್ಲ, ಆಗೊಮ್ಮೆ ಈಗೊಮ್ಮೆ ಆಗುವಂಥದ್ದೇ. ಪರೀಕ್ಷೆ ಇರುವುದೇ ಅದಕ್ಕೆ. ಹಾಗಾದರೆ ಇವು ಕಾಕಾನ ಕೈ ದಾಟಿದ್ದು ಹೇಗೆ?

ಕೆಟ್ಟದ್ದೆಂದು ಗೊತ್ತಿದ್ದ ಒಂದನ್ನು ಅವರ ಮುಂದಿಟ್ಟೆ. ಕಾಕಾ ಕಣ್ಣು ಮುಚ್ಚಿ ಬಿಟ್ಟರು. ‘ದಬ್’ ಎಂದಿತು. ಅವರು ತಲೆಯಾಡಿಸಿ, ‘ಛಲೋ ಐತಿ,’ ಎಂದು ಒಳ್ಳೆಯದರ ಡಬ್ಬಿಗೆ ಹಾಕಿದರು.

ನನಗೆ ಸಿಟ್ಟು ಬರಬೇಕಿತ್ತು. ನನ್ನದು ಮೊದಲೇ ಮೂಗಿನ ತುದಿಯ ಸಿಟ್ಟು. ಆದರೆ ಬರಲಿಲ್ಲ. ಅವರ ಎದುರಿಗೆ ಕುಳಿತು, ‘ಕಾಕಾ, ನಿಮಗೆ ಈ ಶಬ್ದ ಕೇಳ್ತದಾ?’ ಎಂದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಬ್ಯಾರಲ್ಲನ್ನು ಮೇಜಿನ ಮೇಲಿಟ್ಟು, ‘ಇಲ್ಲ ತಂಗಿ,’ ಎಂದರು.

‘ಬೆರಳಿಂದ ನೋಡುವಾ ಕಾಕಾ. ಒಳಗೆ ಹಾಕಿ ತಿರುಗಿಸಿದ್ರೆ ಆಯ್ತು. ತಿರುಗದಿದ್ರೆ ಅದು ಹಾಳು. ಕಿವಿ ಎಂತಕ್ಕೆ?’ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಮ್ಯಾನೇಜರಿಗೆ ಡೈ ಸಡಿಲಾದ ವಿಷಯವಷ್ಟೇ ಸಾಕು, ಉಳಿದದ್ದು ನಮ್ಮೊಳಗಿರಲಿ ಎಂದೂ ಸೇರಿಸಿದೆ. ಅವರು ಬೆರಳಿಂದ ತಿರುಗಿಸಿ ನೋಡಿದರು. ಸರಿಯಾಗಿಯೇ ಆರಿಸಿದರು. ಸಂಜೆಯವರೆಗೂ ಒಳ್ಳೆಯದರ ಡಬ್ಬಿಯಲ್ಲಿದ್ದವನ್ನೆಲ್ಲ ಮತ್ತೆ ಒಂದೊಂದಾಗಿ ತಿರುಗಿಸುತ್ತ ಕುಳಿತರು.

ಮರುದಿನ ಮ್ಯಾನೇಜರ್ ಬಂದಾಗ ನಾನು ಡೈಯ ಕಥೆ ಶುರುಮಾಡಿದ್ದೆ. ಕಾಕಾ ಎದ್ದು ನಿಂತು ಹಿಂದಿಯಲ್ಲಿ, ‘ಸಾಬ್, ನನಗೆ ಕಿವಿ ಕೇಳಿಸುವುದಿಲ್ಲ. ಆ ಹುಡುಗಿ ಯಾರನ್ನಾದರೂ ಕೊಂದಿದ್ದರೆ ಅದು ನನ್ನಿಂದ ಆಗುತ್ತಿತ್ತು,’ ಎಂದುಬಿಟ್ಟರು. ಮ್ಯಾನೇಜರ್ ಕೆಟ್ಟವರಲ್ಲ. ಭುಜ ತಟ್ಟಿದರು. ವೀಸಾ ಮಾತ್ರ ಮುಂದುವರಿಸಲಿಲ್ಲ.

ಕಾಕಾ ಊರಿಗೆ ಹೋದ ಸ್ವಲ್ಪ ದಿನಕ್ಕೆ ಫೋನ್ ಮಾಡಿದೆ. ಎತ್ತಿದ್ದು ಅವರ ಹೆಂಡತಿ. ನನ್ನ ಗುರುತು ಹೇಳಿ, ಕಿವಿಗೆ ಡಾಕ್ಟರ ಹತ್ತಿರ ತೋರಿಸಿದ್ರಾ ಎಂದು ಕೇಳಿದೆ. ‘ಕಿವಿ ಏನವ್ವಾ?’ ಎಂದರು ಆಕೆ. ಕಾಕಾ ಮನೆಯಲ್ಲೂ ಹೇಳಿರಲಿಲ್ಲವೆಂದು ನನಗೆ ಆಗಲೇ ತಿಳಿದದ್ದು.

‘ಕಿವಿ ಏನವ್ವಾ?’ ಎಂದರು ಆಕೆ. ನಾನು ನಡೆದದ್ದನ್ನೆಲ್ಲ ಹೇಳಿದೆ.

‘ಅಲ್ಲಿಂದ ಫೋನ್ ಹಚ್ಚಿದರ ತಾವಷ್ಟ ಮಾತಾಡಿ ಇಟ್ಟುಬಿಡತಿದ್ದರು. ನಾ ಏನ ಕೇಳಿದರೂ ಅದಕ್ಕ ಉತ್ತರ ಇಲ್ಲ. ನನ್ನ ಮ್ಯಾಲೆ ಸಿಟ್ಟಾಗ್ಯಾರ ಅನಕೊಂಡು ನಾನೂ ಮಾತಾಡೂದು ಬಿಟ್ಟಿದ್ದೆ. ಬಂದ ಮ್ಯಾಲೂ ಬಿಟ್ಟೇನಿ,’ ಎಂದರು. ಆಮೇಲೆ ‘ಇಲ್ಲೇ ಎದರಿಗೆ ಕುಂತಾರ,’ ಎಂದು ಫೋನ್ ಇಡದೆಯೇ ಗಂಡನನ್ನು ಜೋರಾಗಿ ಕರೆದರು. ಮತ್ತೊಮ್ಮೆ ಕರೆದರು. ಆಮೇಲೆ ಆಕೆ ಎದ್ದು ಅವರ ಹತ್ತಿರ ಹೋದ ಹೆಜ್ಜೆಯ ಸದ್ದು ಫೋನಿನಲ್ಲಿ ಕೇಳಿಸಿತು.