ಅತ್ತೆಯವರ ಲೋಟದಲ್ಲಿ ಕೇಸಿನ್

ನಾನು ದೇಶಪಾಂಡೆ ನಗರದ ಜಿಮ್ಮಿಗೆ ಸೇರಿದ್ದು ಸೊಂಟನೋವಿಗೆ. ಆಗಲೇ ನಲವತ್ತೈದು ದಾಟಿತ್ತು. ಬ್ಯಾಂಕಿನ ಕುರ್ಚಿಯಲ್ಲಿ ಕೂತು ಕೂತು ಬೆನ್ನು ಹಲಗೆಯಂತಾಗಿತ್ತು. ಕೆಲ ತಿಂಗಳಲ್ಲಿ ನೋವು ಹೋಯಿತು, ಜಿಮ್ ಉಳಿಯಿತು. ಭಾರ ಎತ್ತುವ ರುಚಿ ಹತ್ತಿಬಿಟ್ಟಿತ್ತು. ಆದರೆ ಕಾಲಿನ ವ್ಯಾಯಾಮ ಮಾಡಿದ ಮರುದಿನ ಮಾತ್ರ ಮನೆಯ ಮೆಟ್ಟಿಲನ್ನು ಗೋಡೆ ಹಿಡಿದು, ಅಡ್ಡಡ್ಡ ತಿರುಗಿ ಇಳಿಯಬೇಕಾಗುತ್ತಿತ್ತು.

ತರಬೇತಿ ಕೊಡುವ ಹುಡುಗಿ ಒಂದು ದಿನ ನನ್ನ ಊಟದ ಬಗ್ಗೆ ವಿಚಾರಿಸಿದಳು. ರೊಟ್ಟಿ, ಪಲ್ಯ, ಒಂದಿಷ್ಟು ಬೇಳೆ, ಮಜ್ಜಿಗೆ. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ.

“ಪ್ರೋಟೀನ್ ಭಾಳ ಕಮ್ಮಿ ಆತ್ರಿ ಮೇಡಮ್,” ಅಂದಳು. “ಮಲಗೂ ಮುಂದ ಕೇಸಿನ್ ಪುಡಿ ತಗೊಂಡ ನೋಡ್ರಿ. ಹಾಲಿಂದ ಮಾಡಿದ್ದರಿ ಅದು. ಹೊಟ್ಟ್ಯಾಗ ಮೊಸರಿನಂಗ ಗಟ್ಟಿಯಾಗಿ, ಸಾವಕಾಶ ಕರಗತೈತಿ. ನೀವು ಮಲಗಿದಾಗ ಸ್ನಾಯು ರಿಪೇರಿ ನಡೀತಿರತೈತಲ್ರಿ, ಅದಕ್ಕ ಬೇಕಾದ್ದು ಬೆಳಗಿನ ತನಕ ಸಿಗತೈತಿ.”

ಡಬ್ಬಿ ಮನೆಗೆ ಬಂತು. ಊಟವಾದ ಮೇಲೆ ನಾನು ಹಾಲಿಗೆ ಪುಡಿ ಹಾಕಿ ಕಲಕುವುದನ್ನು ಅತ್ತೆಯವರು ಕುರ್ಚಿಯಿಂದಲೇ ನೋಡಿದರು. ಮಾವ ಹತ್ತಿ ವ್ಯಾಪಾರಿಯಾಗಿದ್ದಾಗ ಮನೆಗೆ ಬಂದುಹೋಗುವವರನ್ನೆಲ್ಲ ನಿಭಾಯಿಸಿದ ಗಟ್ಟಿ ಹೆಂಗಸು ಅವರು. ಆ ವರ್ಷ ದೀರ್ಘ ಜ್ವರವೊಂದು ಅವರ ಕಾಲಿನ ಮಾಂಸವನ್ನೆಲ್ಲ ಇಳಿಸಿಬಿಟ್ಟಿತ್ತು. ನೆಲಕ್ಕೆ ಕೂತರೆ ಏಳಲು ಇಬ್ಬರು ಬೇಕು. ಅದಕ್ಕೇ ಲಿಂಗಪೂಜೆಯೂ ಕುರ್ಚಿಯ ಮೇಲೆ. ಅದನ್ನು ಅವರು ಪೂಜೆಯೆಂದೇ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

“ಏನದು?”

“ಹಾಲು ಒಡದಾಗ ಗಟ್ಟಿ ಆಗತೈತಲ್ರಿ ಅತ್ತಿ, ಅದರ ಪುಡಿ.”

“ಹಂಗಾದ್ರ ಹಾಲ ಕುಡೀಬಾರದ?”

“ಇದರಾಗ ಇದ್ದಷ್ಟು ಬೇಕಂದ್ರ ತಂಬಿಗಿಗಟ್ಲೆ ಕುಡೀಬೇಕ್ರಿ.”

ಒಂದೆರಡು ವಾರದಲ್ಲಿ ನಾನು ಮೆಟ್ಟಿಲನ್ನು ನೆಟ್ಟಗೆ ಇಳಿಯತೊಡಗಿದ್ದೆ. ಅದನ್ನೂ ಅತ್ತೆಯವರು ಗಮನಿಸಿದ್ದರೆಂದು ಕಾಣುತ್ತದೆ. ಒಂದು ಸಂಜೆ ತಮ್ಮ ಕಾಲಿನ ಮೇಲೆ ಕೈಯಾಡಿಸುತ್ತ, “ನನ್ನ ಕಾಲಿಗೂ ಅದು ಹತ್ತತೈತೇನು?” ಅಂದರು.

ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ರಕ್ತ ಪರೀಕ್ಷೆ ಮಾಡಿಸಿ, ಮೂತ್ರಪಿಂಡ ಚೆನ್ನಾಗಿದೆಯೆಂದು ಖಾತ್ರಿ ಮಾಡಿಕೊಂಡು, “ಅರ್ಧ ಅಳತಿ ಕೊಡ್ರಿ. ಆದ್ರ ಬರೇ ಪುಡಿ ಕುಡದು ಮಲಗಿದ್ರ ಏನೂ ಆಗೂದಿಲ್ಲ. ಕಾಲಿಗೆ ಕೆಲಸಾ ಕೊಡ್ರಿ,” ಎಂದರು.

ಕೆಲಸವೆಂದರೆ ಕುರ್ಚಿಯಿಂದ ಏಳುವುದು, ಕೂಡುವುದು. ಮೊದಮೊದಲು ಅವರು ನನ್ನ ಎರಡೂ ಕೈ ಹಿಡಿದು ಏಳುತ್ತಿದ್ದರು. ತಿಂಗಳಾದರೂ ಹೆಚ್ಚಿನ ಫರಕು ಕಾಣಲಿಲ್ಲ. ಒಂದು ಸಂಜೆ ಅರ್ಧ ಎದ್ದು ಧೊಪ್ಪನೆ ಕೂತುಬಿಟ್ಟರು.

“ಸಾಕು ಬಿಡವಾ. ನಂದು ಮುಗೀತು.”

ನಾನು ನನ್ನ ಕತೆಯನ್ನೇ ಹೇಳಿದೆ. ಜಿಮ್ಮಿನಲ್ಲಿ ಮೊದಲ ದಿನ ತೂಕವಿಲ್ಲದ ಖಾಲಿ ಕಬ್ಬಿಣದ ಸರಳನ್ನೂ ಎತ್ತಲಾಗದೆ, ಸ್ನಾನದ ಮನೆಗೆ ಹೋಗಿ ಅತ್ತದ್ದನ್ನು. ಗಂಡನಿಗೂ ಹೇಳಿರಲಿಲ್ಲ.

“ನೀ ಅತ್ತಿದ್ಯಾ?”

“ಹೂಂನ್ರಿ.”

ಅವರು ನಾನು ಪುಡಿ ಕಲಕಿಟ್ಟಿದ್ದ ಹಾಲಿನತ್ತ ಕೈ ಮಾಡಿದರು. “ಆ ಲೋಟಾ ತಾ ಇಲ್ಲೆ,” ಎಂದರು. ಒಂದು ಗುಟುಕು ಕುಡಿದು ಮುಖ ಸಿಂಡರಿಸಿದರು. “ಇದಕ್ಕ ಯಾಲಕ್ಕಿ ಯಾಕ ಹಾಕೂದಿಲ್ಲ ನೀನು? ಸುಣ್ಣದ ನೀರು ಕುಡದಂಗ ಆಗತೈತಿ.”

ಮರುದಿನದಿಂದ ಯಾಲಕ್ಕಿ, ಚೂರು ಜಾಜಿಕಾಯಿ. ಕಲಕುವ ಕೆಲಸವನ್ನೂ ಅವರೇ ವಹಿಸಿಕೊಂಡರು. ಒಂದೂ ಗಂಟು ಬಿಡುತ್ತಿರಲಿಲ್ಲ. ಕುರ್ಚಿಯಿಂದ ಏಳುವಾಗ ಅವರು ಹಿಡಿಯುವುದು ನನ್ನ ಎರಡು ಕೈಯಿಂದ ಒಂದು ಕೈಗೆ ಇಳಿಯಿತು, ಆಮೇಲೆ ಬರೀ ಬೆರಳಿಗೆ. ಮಳೆಗಾಲ ಮುಗಿಯುವ ಹೊತ್ತಿಗೆ ಅದೂ ಬೇಡವಾಯಿತು.

ಒಂದು ಮುಂಜಾನೆ ಸ್ನಾನ ಮುಗಿಸಿ ಬಂದರೆ, ಅತ್ತೆಯವರು ಚಾಪೆಯ ಮೇಲೆ ಕೂತಿದ್ದಾರೆ. ಅಂಗೈಯಲ್ಲಿ ಲಿಂಗ, ಕಣ್ಣು ಮುಚ್ಚಿದೆ. ಮನೆಯಲ್ಲಿ ನಾವಿಬ್ಬರೇ. ಪೂಜೆ ಮುಗಿದ ಮೇಲೆ ಏಳುವುದು ಹೇಗೆಂದು ನಾನು ಬಾಗಿಲಲ್ಲೇ ಕಾದು ನಿಂತೆ. ಅವರು ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡು, ಒಂದು ಕೈ ನೆಲಕ್ಕೂರಿ, ಒಂದು ಮಂಡಿ ಮಡಚಿದರು. ಸ್ವಲ್ಪ ತಡೆದರು. ಆಮೇಲೆ ಎದ್ದು ನಿಂತರು.

ಬಾಗಿಲಲ್ಲಿ ನನ್ನನ್ನು ಕಂಡು, “ಯಾಕ ಅಳಾಕತ್ತಿ? ಬ್ಯಾಂಕಿಗೆ ಹೊತ್ತಾಗೂದಿಲ್ಲೇನು?” ಎಂದರು.

ಪುಡಿಯಿಂದಾಯಿತೋ, ವ್ಯಾಯಾಮದಿಂದಲೋ, ಜ್ವರದ ನಿತ್ರಾಣ ತಾನಾಗಿಯೇ ಇಳಿಯಿತೋ ನಾನು ಹೇಳಲಾರೆ. ತರಬೇತಿಯ ಹುಡುಗಿಯನ್ನು ಕೇಳಿದರೆ ಎಲ್ಲವೂ ಸೇರಿ ಎನ್ನುತ್ತಾಳೆ.

ಮೊನ್ನೆ ಅತ್ತೆಯವರು, “ನಿಮ್ಮ ಜಿಮ್ಮಿಗೆ ಸೀರಿ ಉಟಗೊಂಡ ಬಂದ್ರ ನಡೀತೈತೇನು?” ಎಂದು ಕೇಳಿದರು. ಶನಿವಾರ ಇಬ್ಬರೂ ಆಟೋದಲ್ಲಿ ಹೋದೆವು. ದೊಡ್ಡ ಕನ್ನಡಿಯ ಮುಂದೆ ನಿಂತು ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಹುಡುಗಿ ಇದ್ದುದರಲ್ಲೇ ಚಿಕ್ಕ ಡಂಬೆಲ್ ತೋರಿಸಿದಳು. ಅವರು ಅದನ್ನು ಬಿಟ್ಟು ಅದರ ಪಕ್ಕದ್ದನ್ನು ಎತ್ತಿಕೊಂಡರು.